ಶರಣಾದವರ ಕಲ್ಲಿನ ಮುಂದೆ

ಸಿಂಗಪುರದಲ್ಲಿ ಐದು ದಿನವಿದ್ದೆ. ನಾಲ್ಕು ದಿನ ಎಲ್ಲರೂ ನೋಡುವುದನ್ನೇ ನೋಡಿದೆ. ಮನಸ್ಸಿನಲ್ಲಿ ಉಳಿದದ್ದು ಹೌಗಾಂಗ್‌ನ ಜಪಾನೀ ಸ್ಮಶಾನದಲ್ಲಿ ಕಳೆದ ಒಂದು ಬೆಳಗು.

ಹಿಂದಿನ ದಿನ ನ್ಯಾಷನಲ್ ಗ್ಯಾಲರಿಗೆ ಹೋಗಿದ್ದೆ. ಆಗಿನ ಮುನಿಸಿಪಲ್ ಕಟ್ಟಡ ಅದು. 1945ರ ಸೆಪ್ಟೆಂಬರ್ 12ರಂದು ಮೌಂಟ್‌ಬ್ಯಾಟನ್ ಎದುರು ಎರಡನೇ ಮಹಾಯುದ್ಧದಲ್ಲಿ ಸಿಂಗಪುರವನ್ನು ಹಿಡಿದಿದ್ದ ಜಪಾನೀಯರ ಪರವಾಗಿ ಜನರಲ್ ಇತಗಾಕಿ ಶರಣಾಗತಿ ಪತ್ರಕ್ಕೆ ಸಹಿ ಹಾಕಿದ್ದು ಅಲ್ಲೇ. ಎದುರಿಗೇ ಪಡಾಂಗ್ ಮೈದಾನ. ಜಪಾನೀ ಸೈನಿಕರನ್ನು ಅಲ್ಲಿಗೆ ತಂದು ಕಂದಕ ಮುಚ್ಚಿಸಿದರು. ಊರಿನಲ್ಲಿ ಅವರ ಕಾವಲಿಗಿದ್ದವರಲ್ಲಿ ನಮ್ಮ 5ನೇ ಇಂಡಿಯನ್ ಡಿವಿಷನ್ನಿನವರೂ ಇದ್ದರು.

ಟ್ಯಾಕ್ಸಿ ನನ್ನನ್ನು ಸ್ಮಶಾನದ ಹಿಂಬದಿಯ ಓಣಿಯಲ್ಲಿ ಇಳಿಸಿತು. ಮಳೆಯಲ್ಲಿ ಸುತ್ತುಹಾಕಿ ಗೇಟು ಹುಡುಕುವಷ್ಟರಲ್ಲಿ ಪೂರ್ತಿ ತೊಯ್ದಿದ್ದೆ. ಹೋಗುವವರು ಚುಆನ್ ಹೋ ಅವೆನ್ಯೂ ಎಂದು ಸ್ಪಷ್ಟವಾಗಿ ಹೇಳಿ, ಕೊಡೆ ಒಯ್ಯಿರಿ.

1891ರ ಸ್ಮಶಾನವಿದು, 910 ಸಮಾಧಿಗಳಿವೆ. ಫೀಲ್ಡ್ ಮಾರ್ಷಲ್ ತೆರಾಉಚಿಯ ಕಲ್ಲು ಎತ್ತರವಾಗಿದೆ, ನನಗದು ರುಚಿಸಲಿಲ್ಲ. ಕಾಲು ಕಟ್ಟಿಹಾಕಿದ್ದು ಇನ್ನೊಂದು ಕಲ್ಲು. ಯುದ್ಧ ಮುಗಿದ ಮೇಲೆ, ಶರಣಾಗಿ ಕೂಲಿಕೆಲಸ ಮಾಡುತ್ತಲೇ ಸತ್ತವರದು. ಬ್ರಿಟಿಷರು ಅವರನ್ನು 'ಯುದ್ಧಕೈದಿ' ಅನ್ನಲಿಲ್ಲ, 'ಶರಣಾದ ಸಿಬ್ಬಂದಿ' ಅಂದರು. ಹೆಸರು ಬದಲಾದದ್ದರಿಂದ ಕೈದಿಗಳಿಗೆ ಸಲ್ಲಬೇಕಾದ ಹಕ್ಕುಗಳೂ ತಪ್ಪಿದವು. ಎಷ್ಟೋ ಜನರನ್ನು 1947ರವರೆಗೂ ಊರಿಗೆ ಬಿಡಲಿಲ್ಲ. ಯುದ್ಧದಲ್ಲಿ ಬದುಕಿ ಉಳಿದು, ಆಮೇಲೆ ಮಣ್ಣು ಹೊರುತ್ತಾ ಸಾಯುವುದೆಂದರೆ! ಹೊಟ್ಟೆ ಕಿವುಚಿದಂತಾಯಿತು.

ವಾಕಿಂಗ್ ಬಂದಿದ್ದ ಚೀನೀ ಅಜ್ಜಿಯೊಬ್ಬರು ಪಕ್ಕದಲ್ಲಿ ನಿಂತು, "ನಿಮ್ಮವರು ಯಾರಾದರೂ ಇದ್ದಾರಾ?" ಎಂದು ಕೇಳಿದರು. ಇಲ್ಲವೆಂದೆ.

"ನಮ್ಮ ದೊಡ್ಡಪ್ಪನನ್ನು 1942ರಲ್ಲಿ ಇವರ ಸೈನ್ಯ ಲಾರಿ ಹತ್ತಿಸಿಕೊಂಡು ಹೋಯಿತು. ವಾಪಸು ಬರಲಿಲ್ಲ," ಎಂದರು. ಯುದ್ಧ ಮುಗಿದ ಮೇಲೆ ಅವರ ಅಪ್ಪ ಪಡಾಂಗ್ ಹತ್ತಿರ ಈ ಸೈನಿಕರು ಅಗೆಯುವುದನ್ನು ನೋಡಲು ಹೋಗುತ್ತಿದ್ದರಂತೆ. ಒಂದು ದಿನ ಒಬ್ಬ ಗುದ್ದಲಿ ನಿಲ್ಲಿಸಿ ಅಪ್ಪನ ಕೈಯಲ್ಲಿದ್ದ ಸಿಗರೇಟನ್ನೇ ನೋಡುತ್ತಾ ನಿಂತ. "ಅಪ್ಪ ಅವನೆದುರೇ ಅರ್ಧ ಸೇದಿ, ಉಳಿದದ್ದನ್ನು ಕಾಲಲ್ಲಿ ಹೊಸಕಿಬಿಟ್ಟರು. ಸಾಯುವವರೆಗೂ ಇದೊಂದು ಕಥೆ ಹೇಳುತ್ತಿದ್ದರು."

"ಹೆಮ್ಮೆಯಿಂದಲಾ?"

"ಮೊದಮೊದಲು ಹೌದು." ಸ್ವಲ್ಪ ಹೊತ್ತು ಬಿಟ್ಟು, "ಕೊನೆಗೆ ಆ ಹುಡುಗನಿಗೆ ಎಷ್ಟು ವಯಸ್ಸಿದ್ದೀತು ಅಂತ ನಮ್ಮನ್ನೇ ಕೇಳುತ್ತಿದ್ದರು," ಎಂದರು.

ಅಪ್ಪ ಇಲ್ಲಿಗೆ ಬಂದಿದ್ದರಾ ಎಂದು ಕೇಳಿದೆ. "ಒಂದು ಸಲವೂ ಈ ಗೇಟು ದಾಟಲಿಲ್ಲ. ನಾನು ದಿನಾ ಬರುತ್ತೇನೆ, ನೆರಳು ಚೆನ್ನಾಗಿದೆ." ಕೊಡೆ ಮಡಚಿ, ಕಾಗದದ ಹೂವಿನ ಚಪ್ಪರದ ಕೆಳಗೆ ಎರಡನೇ ಸುತ್ತಿಗೆ ಹೊರಟರು.