ಚೀಟಿಯಲ್ಲಿ ಬರೆಯದೆ ಉಳಿದ ಕಾರಣ

ಇಂಗ್ಲೆಂಡಿನ ಉತ್ತರ ಭಾಗದ ಒಂದು ಆಸ್ಪತ್ರೆಯ ಹೃದ್ರೋಗ ವಾರ್ಡಿನಲ್ಲಿ ನಾನು ಫಾರ್ಮಸಿಸ್ಟ್ ಆಗಿ ಸೇರಿ ಒಂಬತ್ತು ವರ್ಷಗಳಾದವು. ಹೃದಯಾಘಾತವಾಗಿ ಬಂದವರಿಗೆ ಯಾವ ಔಷಧವನ್ನು ಎಷ್ಟು ಪ್ರಮಾಣದಲ್ಲಿ ಬರೆಯಲಾಗಿದೆ, ಯಾವುದು ಬಿಟ್ಟುಹೋಗಿದೆ ಎಂದು ನೋಡುವುದು ನನ್ನ ದಿನನಿತ್ಯದ ಕೆಲಸ. 2025ರ ಮೇ, ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದಿಂದ 20ಕ್ಕೂ ಹೆಚ್ಚು ಮಂದಿ ತೀರಿಕೊಂಡರೆಂಬ ಸುದ್ದಿ ಹಬ್ಬಿದಾಗ ಊರಿನ ಪ್ರತಿ ಕರೆಯಲ್ಲೂ ಅದೇ ಮಾತು. ಫೆಬ್ರವರಿಯಲ್ಲಿ ಹೃದಯಾಘಾತವಾಗಿ, ಹೃದಯದ ರಕ್ತನಾಳವನ್ನು ತೆರೆದಿಡುವ ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿಸಿಕೊಂಡಿದ್ದ ಸಕಲೇಶಪುರದ ನಮ್ಮ ಚಿಕ್ಕಪ್ಪನವರ ಡಿಸ್ಚಾರ್ಜ್ ಚೀಟಿಯ ಫೋಟೊವನ್ನು ಚಿಕ್ಕಮ್ಮ ಆಗಲೇ ಕಳುಹಿಸಿದರು. "ಆರು ಥರದ ಮಾತ್ರೆ ನುಂಗಿ ನುಂಗಿ ಇವರಿಗೆ ಸಾಕಾಗಿಹೋಗಿದೆ ಕಣಮ್ಮ, ಯಾವುದನ್ನ ಬಿಡಬಹುದು ನೋಡಿ ಹೇಳು" ಎಂದರು.

ಚೀಟಿಯಲ್ಲಿ ತಪ್ಪು ಹುಡುಕುವಂಥದ್ದು ಏನೂ ಇರಲಿಲ್ಲ. ರಕ್ತ ತೆಳುವಾಗಿಸಲು ಆಸ್ಪಿರಿನ್ 75 ಮಿಲಿಗ್ರಾಂ ಮತ್ತು ಟಿಕಾಗ್ರೆಲಾರ್ 90 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಕೊಲೆಸ್ಟರಾಲ್ ಇಳಿಸಲು ಅಟೋರ್ವಾಸ್ಟಾಟಿನ್ 80 ಮಿಲಿಗ್ರಾಂ, ರಕ್ತದೊತ್ತಡ ಇಳಿಸಿ ಹೃದಯದ ಹೊರೆ ತಗ್ಗಿಸಲು ರಾಮಿಪ್ರಿಲ್, ಹೃದಯದ ಬಡಿತ ನಿಧಾನಿಸಲು ಮೆಟೊಪ್ರೊಲಾಲ್, ಹೊಟ್ಟೆಯ ರಕ್ಷಣೆಗೆ ಪ್ಯಾಂಟೊಪ್ರಜೋಲ್: ನಮ್ಮ ವಾರ್ಡಿನಿಂದ ಮನೆಗೆ ಹೋಗುವವರ ಕೈಯಲ್ಲಿರುವ ಪಟ್ಟಿಯೂ ಹೆಚ್ಚುಕಡಿಮೆ ಇದೇ. ಈ ಪಟ್ಟಿಯ ಹಿಂದೆ ದಶಕಗಳ ಪ್ರಯೋಗಗಳಿವೆ. 1988ರಲ್ಲಿ ಪ್ರಕಟವಾದ ಐಸಿಸ್-2 ಅಧ್ಯಯನದಲ್ಲಿ, ಹೃದಯಾಘಾತದ ಅನುಮಾನದಿಂದ ದಾಖಲಾದ ಸುಮಾರು 17,000 ಮಂದಿಯಲ್ಲಿ, ಬರಿಯ ಆಸ್ಪಿರಿನ್ ಒಂದೇ ಐದು ವಾರಗಳೊಳಗಿನ ಹೃದಯ ಮತ್ತು ರಕ್ತನಾಳ ಸಂಬಂಧಿ ಸಾವುಗಳನ್ನು ಹೆಚ್ಚುಕಡಿಮೆ ಕಾಲು ಭಾಗದಷ್ಟು ಇಳಿಸಿತು. ಪಟ್ಟಿ ಬದಲಾಗುತ್ತಲೂ ಇದೆ. ಹೃದಯದ ಪಂಪ್ ಮಾಡುವ ಶಕ್ತಿ ಕುಂದದೆ ಉಳಿದವರಲ್ಲಿ ಮೆಟೊಪ್ರೊಲಾಲ್ ಗುಂಪಿನ ಮಾತ್ರೆಗಳಿಂದ ಸಾವಾಗಲಿ ಮರು ಆಘಾತವಾಗಲಿ ಕಡಿಮೆಯಾಗಲಿಲ್ಲವೆಂದು, ಮುಖ್ಯವಾಗಿ ಸ್ವೀಡನ್ನಿನಲ್ಲಿ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿದ ಮೇಲೆ, ಅವನ್ನು ಎಲ್ಲರಿಗೂ ಒಂದೇ ರೀತಿ ಬರೆಯಬೇಕೇ ಎಂಬ ಚರ್ಚೆ ನಮ್ಮಲ್ಲಿ ಎದ್ದಿದೆ.

ವ್ಯತ್ಯಾಸವಿದ್ದದ್ದು ಬೇರೆ ಕಡೆ. ಚಿಕ್ಕಪ್ಪನವರ ಚೀಟಿಯಲ್ಲಿ ನಾನು ಮೇಲೆ ಬರೆದ ಮೂಲ ಹೆಸರುಗಳಲ್ಲ, ಕಂಪನಿಗಳು ಇಟ್ಟ ಹೆಸರುಗಳಷ್ಟೇ ಇದ್ದವು. ಯಾವ ಮಾತ್ರೆ ಯಾತಕ್ಕೆ, ಎಷ್ಟು ಕಾಲ ಎಂಬುದು ಒಂದಕ್ಕೂ ಇರಲಿಲ್ಲ. ನಮ್ಮ ವಾರ್ಡಿನಲ್ಲಿ ಔಷಧದ ಮೂಲ ಹೆಸರನ್ನೇ ಬರೆಯುತ್ತಾರೆ, ಎರಡನೆಯ ರಕ್ತ ತೆಳುವಾಗಿಸುವ ಮಾತ್ರೆಯ ಮುಂದೆ ಅದನ್ನು ನಿಲ್ಲಿಸಬೇಕಾದ ತಿಂಗಳನ್ನು ನಮೂದಿಸುತ್ತಾರೆ, ಹೊರಡುವ ಮುನ್ನ ಫಾರ್ಮಸಿಸ್ಟ್ ಹಾಸಿಗೆಯ ಪಕ್ಕದಲ್ಲಿ ಕುಳಿತು ಒಂದೊಂದನ್ನೂ ವಿವರಿಸುತ್ತಾರೆ. 2021ರಿಂದ ಇಂಗ್ಲೆಂಡಿನಲ್ಲಿ ಆ ಪಟ್ಟಿಯನ್ನು ರೋಗಿಯ ಮನೆಯ ಹತ್ತಿರದ ಔಷಧದಂಗಡಿಗೂ ಕಳುಹಿಸುವ ವ್ಯವಸ್ಥೆ ಬಂದಿದೆ.

ವೀಡಿಯೊ ಕರೆ ಮಾಡಿ, ಮನೆಯಲ್ಲಿದ್ದ ಸ್ಟ್ರಿಪ್‌ಗಳನ್ನೆಲ್ಲ ಒಂದೊಂದಾಗಿ ಕ್ಯಾಮೆರಾಕ್ಕೆ ಹಿಡಿಯಲು ಚಿಕ್ಕಮ್ಮನಿಗೆ ಹೇಳಿದೆ. ಐದು ಬಂದವು, ಟಿಕಾಗ್ರೆಲಾರ್ ಇರಲಿಲ್ಲ. ಬೆಲೆ ಹೆಚ್ಚು, ಎದೆನೋವೂ ಇಲ್ಲ ಎಂದು ಚಿಕ್ಕಪ್ಪನವರು ಹನ್ನೊಂದು ದಿನಗಳಿಂದ ಅದನ್ನು ತೆಗೆದುಕೊಂಡಿರಲಿಲ್ಲ. ಕೈಕಾಲು ತಣ್ಣಗಾಯಿತು ನನಗೆ. ಸ್ಟೆಂಟ್ ಹಾಕಿದ ಮೊದಲ ತಿಂಗಳುಗಳಲ್ಲಿ ಈ ಮಾತ್ರೆಯನ್ನು ಏಕಾಏಕಿ ಬಿಟ್ಟರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ, ಮೊದಲಿನದಕ್ಕಿಂತ ದೊಡ್ಡ ಆಘಾತವಾಗಬಹುದು. ಬೇಡದ ಎರಡು ಔಷಧಗಳೂ ಅಲ್ಲಿದ್ದವು. ರಾಮಿಪ್ರಿಲ್‌ನಿಂದ ಬಂದಿರಬಹುದಾದ ಒಣಕೆಮ್ಮಿಗೆಂದು ತಂದ ಸಿರಪ್ ಒಂದು. ಮಂಡಿನೋವಿಗೆ ತೋಟದಿಂದ ಬರುವಾಗ ಅಂಗಡಿಯಲ್ಲಿ ಕೇಳಿ ತೆಗೆದುಕೊಂಡ ಡೈಕ್ಲೋಫೆನಾಕ್ ಇನ್ನೊಂದು. ಹೃದಯಾಘಾತವಾದವರು ಡೈಕ್ಲೋಫೆನಾಕನ್ನು ಮುಟ್ಟಲೇಬಾರದು ಎಂದು ಅವರಿಗೆ ಹೇಳಿದವರೇ ಇರಲಿಲ್ಲ.

ಅವರ ಜೀವ ಉಳಿಸಿದ ವೈದ್ಯರ ಬಗ್ಗೆ ನನಗೆ ಕೃತಜ್ಞತೆಯೇ ಇದೆ. ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಮಟ್ಟದಲ್ಲೇ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡು ಕರ್ನಾಟಕದಲ್ಲಿ ಆಗಿರುವುದು ಸಣ್ಣ ಮಾತಲ್ಲ. ಆದರೆ ಮೊದಲ ಗಂಟೆಗೆ ಕೊಟ್ಟಷ್ಟು ಗಮನವನ್ನು ಮನೆಗೆ ಕಳುಹಿಸುವ ಗಂಟೆಗೂ ಕೊಡಬೇಕೆಂಬುದು ನನ್ನ ಬೇಡಿಕೆ.

ವೀಡಿಯೊ ಕರೆಯ ಮರುದಿನವೇ ನನ್ನ ತಮ್ಮ ಚಿಕ್ಕಪ್ಪನವರನ್ನು ಹಾಸನಕ್ಕೆ ಕರೆದೊಯ್ದು ಹೃದ್ರೋಗ ತಜ್ಞರಿಗೆ ತೋರಿಸಿದ. ತಜ್ಞರು ರಾಮಿಪ್ರಿಲ್ ಬದಲಿಗೆ ಕೆಮ್ಮು ಬರಿಸದ ಟೆಲ್ಮಿಸಾರ್ಟನ್ ಬರೆದರು, ಟಿಕಾಗ್ರೆಲಾರ್ ಬದಲಿಗೆ ಕಡಿಮೆ ಬೆಲೆಯ ಕ್ಲೋಪಿಡೋಗ್ರೆಲ್ ಕೊಟ್ಟರು, ತಮ್ಮ ಕೇಳಿದ್ದಕ್ಕೆ ಅದರ ಮುಂದೆ "2026 ಫೆಬ್ರವರಿಯವರೆಗೆ" ಎಂದೂ ಬರೆದರು. ಚಿಕ್ಕಮ್ಮ ಆ ಚೀಟಿಯನ್ನು ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದಾರೆ. ಹೊಸ ವರ್ಷದ ಕ್ಯಾಲೆಂಡರ್ ಬಂದಾಗ ಅದಕ್ಕೆ ಬದಲಾಯಿಸುತ್ತಾರಂತೆ.