ಮಾವನ ಆಫೀಸು

ಕಾಸರಗೋಡಿನಲ್ಲಿ ನನ್ನ ಗಂಡನ ಅಪ್ಪ, ಅಂದರೆ ಮಾವ, ಕಟ್ಟಡ ಎಂಜಿನಿಯರಿಂಗ್ ಆಫೀಸು ತೆರೆದದ್ದು 1984ರಲ್ಲಿ, ಜಿಲ್ಲೆ ಹುಟ್ಟಿದ ವರ್ಷವೇ. ಒಂದು ಡ್ರಾಯಿಂಗ್ ಬೋರ್ಡು, ಗೆರೆ ಎಳೆಯಲು ಒಂದು ಟಿ-ಸ್ಕ್ವೇರು, ನಕ್ಷೆಯ ಪ್ರತಿ ತೆಗೆಯುವ ಅಮೋನಿಯಾ ಪ್ರಿಂಟಿನ ಘಾಟು. ಮುರಕಲ್ಲಿನ ಗೋಡೆ, ಹಂಚಿನ ಮಾಡಿಗೆ ಎಂಜಿನಿಯರ್ ಯಾಕೆಂದು ಮೇಸ್ತ್ರಿಗಳೇ ನಗುತ್ತಿದ್ದರಂತೆ. ಆಮೇಲೆ ಗಲ್ಫ್ ದುಡ್ಡು ಬಂತು, ಎಲ್ಲರಿಗೂ ತಾರಸಿ ಬೇಕಾಯಿತು. ನಮ್ಮ ಆಟಿ ತಿಂಗಳ ಜಡಿಮಳೆಗೆ ಸಪಾಟು ತಾರಸಿ ಸೋರದಿರುತ್ತದೆಯೇ? ನೀರು ಇಳಿಯಲು ಇಳಿಜಾರು ಕೊಡಿ ಎಂದು ಮಾವ ಗೋಗರೆದರೂ ಕೇಳದವರು, ಮೇಲೆ ತಗಡಿನ ಮಾಡು ಹಾಕಿಸಲು ಮತ್ತೆ ಅವರ ಹತ್ತಿರವೇ ಬಂದರು. (ಆಫೀಸು ಬೆಳೆದದ್ದೇ ಆ ತಗಡಿನಿಂದ ಎಂದು ನನ್ನ ಗುಮಾನಿ.)

ನಾನು ಸೊಸೆಯಾಗಿ ಬರುವಾಗ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಆಟೋಕ್ಯಾಡ್ ಬಂದಿತ್ತು. ಈಗ ಹನ್ನೊಂದು ಜನ ಇದ್ದೇವೆ. ಸೈಟಿನಲ್ಲಿ ಮಲಯಾಳ, ತುಳು, ಹಿಂದಿ, ಊಟದ ಹೊತ್ತಿಗೆ ಕನ್ನಡ. 2019ರ ಕೇರಳ ಪಂಚಾಯತ್ ಕಟ್ಟಡ ನಿಯಮಗಳು ಬಂದ ಮೇಲೆ ನನಗಂತೂ ಕಾಗದಪತ್ರದ್ದೇ ಕೆಲಸ. ಮುಂದಿನ ವಾರ ಉಪ್ಪಳದಲ್ಲಿ ಪೈಲಿಂಗ್, ಅಂದರೆ ಅಡಿಪಾಯಕ್ಕೆ ನೆಲದಾಳಕ್ಕೆ ಕಂಬ ಇಳಿಸುವ ಕೆಲಸ, ಶುರು.