ನಾನು ಇಲ್ಲದ ಹೊತ್ತಿನ ಲೆಕ್ಕ

ನನಗೆ ಹದಿನಾರನೆಯ ವಯಸ್ಸಿನಿಂದ ಅಪಸ್ಮಾರವಿದೆ. ಇಷ್ಟು ವರ್ಷಗಳಲ್ಲಿ ಬಂದ ದೊಡ್ಡ ಫಿಟ್ಸ್‌ಗಳಲ್ಲಿ ಒಂದನ್ನೂ ನಾನು ಕಂಡಿಲ್ಲ. ಹಲ್ಲುಜ್ಜಲು ಹೊರಟಿದ್ದು ನೆನಪಿರುತ್ತದೆ. ಆಮೇಲೆ ನೆನಪಾಗುವುದು ನೆಲದ ಮೇಲೆ ಮಗ್ಗುಲಾಗಿ ಮಲಗಿರುವುದು, ನಾಲಿಗೆಯ ಅಂಚು ಕಚ್ಚಿಹೋಗಿ ಬಾಯಿಯಲ್ಲಿರುವ ರಕ್ತದ ರುಚಿ, ಬಟ್ಟೆ ಹಿಂಡಿದಂತೆ ಮೈಯನ್ನೆಲ್ಲ ಹಿಂಡಿಹಾಕಿದ ನೋವು, ಮೇಲೆ ಬಾಗಿದ ಅಕ್ಕನ ಮುಖ. ನಡುವಿನ ಎರಡು ನಿಮಿಷಗಳಿಗೆ ಸಾಕ್ಷಿ ಅವಳು, ನಾನಲ್ಲ. ಆದರೆ ವೈದ್ಯರ ಮುಂದೆ ಕುಳಿತಾಗ ಪ್ರಶ್ನೆಗಳೆಲ್ಲ ನನಗೇ ಬರುತ್ತವೆ: ಹೇಗೆ ಶುರುವಾಯಿತು, ಎಷ್ಟು ಹೊತ್ತು ಇತ್ತು, ಕಣ್ಣು ತೆರೆದಿತ್ತೇ?

ನನ್ನ ಮೊದಲ ಔಷಧಿ ತಪ್ಪಾದದ್ದು ಈ ಸಾಕ್ಷಿಯ ಕೊರತೆಯಿಂದಲೇ. ಮೊದಲ ಫಿಟ್ಸ್ ಬರುವುದಕ್ಕೆ ಸುಮಾರು ಒಂದು ವರ್ಷ ಮೊದಲಿನಿಂದಲೂ ಬೆಳಗ್ಗೆ ಎದ್ದ ಅರ್ಧ ಗಂಟೆಯೊಳಗೆ ನನ್ನ ಕೈಗಳು ಥಟ್ಟನೆ ಎಗರುತ್ತಿದ್ದವು. ಬ್ರಷ್ ಹಾರಿ ಗೋಡೆಗೆ ಬಡಿಯುತ್ತಿತ್ತು, ಲೋಟದ ನೀರು ಚೆಲ್ಲುತ್ತಿತ್ತು. ಕೈಯಲ್ಲಿ ಏನೂ ನಿಲ್ಲದ ಹುಡುಗಿ ಎಂದು ಅಮ್ಮ ಬೈಯುತ್ತಿದ್ದಳು, ನಾನೂ ಅದನ್ನೇ ನಂಬಿದ್ದೆ. ಪರೀಕ್ಷೆಗಾಗಿ ರಾತ್ರಿಯೆಲ್ಲ ಎಚ್ಚರವಿದ್ದು ಬೆಳಗ್ಗೆ ಕುಸಿದು ಬಿದ್ದಾಗ ನೋಡಿದ ವೈದ್ಯರು ಆ ಬಿದ್ದದ್ದರ ಬಗ್ಗೆ ಮಾತ್ರ ಕೇಳಿ ಕಾರ್ಬಮಜೆಪಿನ್ ಬರೆದುಕೊಟ್ಟರು. ಅದು ಕೆಲವು ಬಗೆಯ ಅಪಸ್ಮಾರಕ್ಕೆ ಒಳ್ಳೆಯ ಔಷಧಿಯೇ, ಆದರೆ ನನ್ನ ಬಗೆಯದರಲ್ಲಿ ಈ ಜರ್ಕ್‌ಗಳನ್ನು ಹೆಚ್ಚಿಸಬಲ್ಲದು. ನನಗೆ ಹೆಚ್ಚಿಸಿತು. ಬೇರೊಬ್ಬ ನರರೋಗ ತಜ್ಞರು, "ಬೆಳಗ್ಗೆ ಎದ್ದ ಕೂಡಲೇ ಕೈಯಿಂದ ಏನಾದರೂ ಹಾರಿಬೀಳುತ್ತದೆಯೇನಮ್ಮಾ?" ಎಂದು ಕೇಳುವವರೆಗೆ ಆ ಎರಡು ಸಂಗತಿಗಳಿಗೆ ಸಂಬಂಧವಿದೆ ಎಂದು ನನಗಾಗಲಿ ಮನೆಯವರಿಗಾಗಲಿ ಹೊಳೆದಿರಲಿಲ್ಲ. ಹದಿಹರೆಯದಲ್ಲಿ ಶುರುವಾಗುವ, ನಿದ್ದೆಗೆಟ್ಟರೆ ಕೆರಳುವ ಈ ಬಗೆಯನ್ನು ಜುವೆನೈಲ್ ಮಯೋಕ್ಲೋನಿಕ್ ಎಪಿಲೆಪ್ಸಿ ಎನ್ನುತ್ತಾರೆ. ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿ ಪರೀಕ್ಷೆ ಅದನ್ನು ಖಚಿತಪಡಿಸಿತು. ಒಂದು ಪ್ರಶ್ನೆಯ ದೂರದಲ್ಲಿದ್ದ ಉತ್ತರಕ್ಕೆ ನಾನು ಹತ್ತು ತಿಂಗಳು ತೆತ್ತೆ ಎಂಬ ಸಿಟ್ಟು ಇನ್ನೂ ಪೂರ್ತಿ ಆರಿಲ್ಲ.

ವ್ಯಾಲ್ಪ್ರೊಯೇಟ್ ಎಂಬ ಬೇರೆ ಔಷಧಿ ಶುರುವಾದ ಮೇಲೆ ಜರ್ಕ್‌ಗಳೂ ನಿಂತವು, ಫಿಟ್ಸೂ ನಿಂತಿತು. ತೂಕ ಏರಿತು, ಬಾಚಣಿಗೆಯಲ್ಲಿ ಕೂದಲು ಹೆಚ್ಚಾಯಿತು, ಬೆರಳುಗಳಲ್ಲಿ ಸಣ್ಣ ನಡುಕ ಉಳಿಯಿತು. ಎಗರುವ ಕೈ ಹೋಗಿ ನಡುಗುವ ಕೈ ಬಂತು ಎಂದು ನಾವು ನಗುತ್ತಿದ್ದೆವು. ಒಂಬತ್ತು ವರ್ಷ ಹಾಗೆಯೇ ನಡೆಯಿತು. ಮದುವೆಯಾಗಿ ಮಗುವಿನ ಯೋಚನೆ ಬಂದಾಗ ವೈದ್ಯರು ಔಷಧಿ ಬದಲಿಸಬೇಕು ಎಂದರು. ಗರ್ಭಿಣಿಯರು ವ್ಯಾಲ್ಪ್ರೊಯೇಟ್ ಸೇವಿಸಿದಾಗ ಹುಟ್ಟುವ ನೂರು ಮಕ್ಕಳಲ್ಲಿ ಸುಮಾರು 10 ಮಕ್ಕಳಿಗೆ ಹುಟ್ಟಿನಿಂದಲೇ ಅಂಗದೋಷವಿರುತ್ತದೆ, ಬೆಳವಣಿಗೆ ಮತ್ತು ಕಲಿಕೆಯ ತೊಂದರೆ ಕಾಣಿಸಿಕೊಳ್ಳುವುದು ನೂರಕ್ಕೆ 30ರಿಂದ 40 ಮಕ್ಕಳಲ್ಲಿ. ಇದನ್ನು ಕೇಳಿದ ಮೇಲೆ ಬದಲಾಯಿಸಬೇಕೇ ಬೇಡವೇ ಎಂಬ ಚರ್ಚೆಗೆ ಜಾಗವಿರಲಿಲ್ಲ. ಆದರೂ ಒಂಬತ್ತು ವರ್ಷ ನನ್ನನ್ನು ಬೀಳದಂತೆ ಹಿಡಿದಿದ್ದ ಗುಳಿಗೆಯನ್ನು ಬಿಡಲು ನನಗೆ ಧೈರ್ಯ ಸಾಲುತ್ತಿರಲಿಲ್ಲ.

ಬದಲಾವಣೆ ಎಂದರೆ ಇವತ್ತು ಇದನ್ನು ಬಿಟ್ಟು ನಾಳೆ ಅದನ್ನು ಹಿಡಿಯುವುದಲ್ಲ. ಹಳೆಯದನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್‌ಗಳು ಬಿಡುವಿಲ್ಲದೆ ಒಂದರ ಹಿಂದೊಂದು ಬರುವ, ಜೀವಕ್ಕೇ ಅಪಾಯವಾಗುವ ಸ್ಥಿತಿ ಉಂಟಾಗಬಹುದು. ಆದ್ದರಿಂದ ಮೊದಲು ಲೆವೆಟಿರಾಸೆಟಮ್ ಎಂಬ ಹೊಸ ಔಷಧಿಯನ್ನು ಹಂತಹಂತವಾಗಿ ಏರಿಸಿ, ಅದು ನೆಲೆಗೊಂಡ ಮೇಲೆ ದಿನಕ್ಕೆ 1000 ಮಿಲಿಗ್ರಾಂ ಇದ್ದ ವ್ಯಾಲ್ಪ್ರೊಯೇಟ್ ಅನ್ನು ಎರಡು ವಾರಕ್ಕೊಮ್ಮೆ 200 ಮಿಲಿಗ್ರಾಂನಂತೆ ಇಳಿಸುವುದೆಂದು ತೀರ್ಮಾನವಾಯಿತು. ಮೇಲ್ಲೇಪವಿರುವ ಆ ಗುಳಿಗೆಗಳನ್ನು ಮುರಿದು ನುಂಗುವಂತಿಲ್ಲ, ಇಡೀ ಗುಳಿಗೆಗಳನ್ನೇ ಎಣಿಸಿ ಇಳಿಸಬೇಕು. ಆದ್ದರಿಂದ ನಾನು ಗುಳಿಗೆಗಳ ಪ್ರತಿ ಪಟ್ಟಿಯ ಹಿಂಬದಿಯ ಹಾಳೆಯ ಮೇಲೆ, ಒಂದೊಂದು ಗುಳಿಗೆಗೂ, ನುಂಗಬೇಕಾದ ದಿನಾಂಕವನ್ನು ಪೆನ್ನಿನಿಂದ ಬರೆದಿಟ್ಟೆ. ಮರೆತೆನೇ ನುಂಗಿದೆನೇ ಎಂಬ ಅನುಮಾನ ರಾತ್ರಿ ಹನ್ನೊಂದಕ್ಕೆ ಬಂದರೆ ಪಟ್ಟಿಯನ್ನು ತಿರುಗಿಸಿ ನೋಡಿದರೆ ಸಾಕು. ನೆನಪಿನ ಮೇಲೆ ನಂಬಿಕೆ ಇಡಬಾರದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು!

ಆಗಲೇ ಒಂದು ನೋಟ್‌ಬುಕ್ ಶುರುಮಾಡಿದೆವು. ಎಡಪುಟ ನನ್ನದು: ನಿದ್ದೆ ಎಷ್ಟು ಗಂಟೆ, ಯಾವ ಡೋಸ್ ಎಷ್ಟು ಹೊತ್ತಿಗೆ, ಜರ್ಕ್ ಬಂತೇ, ತಲೆ ಭಾರವಿತ್ತೇ. ಬಲಪುಟ ನನ್ನನ್ನು ನೋಡಿದವರದು. ಹಗಲು ಮನೆಯಲ್ಲಿರುತ್ತಿದ್ದ ಅಕ್ಕನ ಅಕ್ಷರವೇ ಅಲ್ಲಿ ಹೆಚ್ಚು. ಗಂಡ ಬರೆದದ್ದು ಭಾನುವಾರಗಳಲ್ಲಿ.

ವ್ಯಾಲ್ಪ್ರೊಯೇಟ್ 400ಕ್ಕೆ ಇಳಿದ ವಾರ, ಸರಿಯಾಗಿ ನಿದ್ದೆಯಿಲ್ಲದ ಒಂದು ರಾತ್ರಿಯ ಮರುದಿನ, ಫಿಟ್ಸ್ ಬಂತು. ಬಲಪುಟ ಹೇಳುವ ಪ್ರಕಾರ ಬೆಳಗ್ಗೆ 6.50ಕ್ಕೆ ನನ್ನ ಕೈಗಳು ಮೂರು ಸಲ ಎಗರಿದವು, ಒಮ್ಮೆ ಕೂಗಿ ಬಿದ್ದೆ, ಮೈ ಸೆಟೆದುಕೊಂಡು ಆಮೇಲೆ ಅದುರತೊಡಗಿತು, 6.52ಕ್ಕೆ ನಿಂತಿತು. ಅಕ್ಕ ನನ್ನ ತಲೆಯ ಕೆಳಗೆ ಟವೆಲ್ ಮಡಚಿಟ್ಟು, ಕುರ್ಚಿಯನ್ನು ದೂರ ಸರಿಸಿ, ಅದುರುವುದು ನಿಂತ ಕೂಡಲೇ ನನ್ನನ್ನು ಮಗ್ಗುಲಿಗೆ ತಿರುಗಿಸಿದ್ದಳು. ನೆರೆಮನೆಯ ಹಿರಿಯರೊಬ್ಬರು ನನ್ನ ಹಲ್ಲುಗಳ ನಡುವೆ ಚಮಚ ಇಡಲು ಮುಂದಾದಾಗ, ತಾನು ಹುಟ್ಟಿದ ಮೇಲೆ ಮೊದಲ ಬಾರಿಗೆ ಹಿರಿಯರೊಬ್ಬರ ಕೈಯನ್ನು ತಳ್ಳಿದೆ ಎಂದು ಅವಳು ಆಮೇಲೆ ಹೇಳಿದಳು. ಅವರ ಉದ್ದೇಶ ಒಳ್ಳೆಯದೇ. ಆದರೆ ಬಾಯಿಗೆ ಇಟ್ಟದ್ದರಿಂದ ಹಲ್ಲು ಮುರಿಯಬಹುದು, ಉಸಿರು ಕಟ್ಟಬಹುದು. ಕೈಕಾಲುಗಳನ್ನು ಅದುಮಿ ಹಿಡಿಯುವುದೂ ತಪ್ಪು. ಗಡಿಯಾರ ನೋಡಿಕೊಂಡು, ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯುವುದು ಮುಖ್ಯ.

ಲೆವೆಟಿರಾಸೆಟಮ್ ಅನ್ನು ಇನ್ನಷ್ಟು ಏರಿಸಿದರು, ಬೆಳಗಿನ ಕೈಗಳು ಸುಮ್ಮನಾದವು. ಆದರೆ ಎಡಪುಟದಲ್ಲಿ "ಎಲ್ಲ ಸರಿ" ಎಂದು ನಾನು ಬರೆದ ದಿನಗಳಲ್ಲೇ ಬಲಪುಟದಲ್ಲಿ ಬೇರೆಯ ಸಂಗತಿ ಸೇರತೊಡಗಿತು: ಬಾಗಿಲು ಬಡಿದಳು, ಫೋನಿನಲ್ಲಿ ಕೂಗಾಡಿದಳು, ಕಾರಣ ಕೇಳಿದರೆ ಅತ್ತಳು. ಮೊದಲು ಓದಿದಾಗ ನನಗೆ ಅವಮಾನವಾಯಿತು, ಅಕ್ಕನ ಮೇಲೆಯೇ ರೇಗಿದೆ. "ನೀನು ರೇಗಿದ್ದನ್ನೂ ಬರೆದುಕೊಳ್ಳಲೇನೇ?" ಎಂದಳು. ಸಿಡುಕು ಈ ಔಷಧಿಯ ಗೊತ್ತಿರುವ ಅಡ್ಡಪರಿಣಾಮ, ಆದರೆ ಸಿಡುಕುವವರಿಗೆ ಪ್ರತಿ ಸಲವೂ ತಮ್ಮ ಕೋಪಕ್ಕೆ ನ್ಯಾಯವಾದ ಕಾರಣವೇ ಇದೆ ಎನಿಸುತ್ತದೆ. ಫಿಟ್ಸ್ ಬಂದಾಗ ನಾನು ಅಲ್ಲಿರುವುದಿಲ್ಲ ಎಂದು ನನಗೆ ಗೊತ್ತಿತ್ತು. ಪೂರ್ತಿ ಎಚ್ಚರವಿದ್ದಾಗಲೂ ನನಗೆ ನಾನೇ ಸರಿಯಾದ ಸಾಕ್ಷಿಯಲ್ಲ ಎಂಬುದನ್ನು ಒಪ್ಪಿಕೊಳ್ಳುವುದು ಅದಕ್ಕಿಂತ ಕಷ್ಟವಾಯಿತು. ವೈದ್ಯರು ಎರಡೂ ಪುಟಗಳನ್ನು ಓದಿ ಡೋಸನ್ನು ಒಂದು ಮೆಟ್ಟಿಲು ಇಳಿಸಿದರು. ಕೋಪ ಪೂರ್ತಿ ಹೋಗಿಲ್ಲ, ಮನೆಯವರು ಸಹಿಸುವಷ್ಟಕ್ಕೆ ಬಂದಿದೆ.

ವ್ಯಾಲ್ಪ್ರೊಯೇಟ್ ನಿಂತು ಈಗ ಏಳು ತಿಂಗಳಾಗಿದೆ. ನನ್ನ ಬಗೆಯ ಅಪಸ್ಮಾರದಲ್ಲಿ ಎಲ್ಲ ಔಷಧಿಯನ್ನೂ ಬಿಟ್ಟರೆ ಹೆಚ್ಚಿನವರಿಗೆ ಫಿಟ್ಸ್ ಮರಳುತ್ತದೆ, ಹಾಗಾಗಿ ಯಾವುದಾದರೊಂದು ಗುಳಿಗೆ ಬಹುಶಃ ಕೊನೆಯವರೆಗೂ ಇರುತ್ತದೆ. ನೋಟ್‌ಬುಕ್ಕೂ ಮುಂದುವರಿದಿದೆ. ಮೊನ್ನೆಯ ಬಲಪುಟದಲ್ಲಿ ಅಕ್ಕನ ಅಕ್ಷರದಲ್ಲಿ ಒಂದೇ ಸಾಲು ಇದೆ: "ಬೆಳಗ್ಗೆ 7.10ಕ್ಕೆ ಲೋಟ ಬಿತ್ತು. ಜರ್ಕ್ ಅಲ್ಲ, ಕೈ ಒದ್ದೆಯಾಗಿತ್ತು."